ನಮ್ಮ ಬೂತು ಶೇ 50ರಿಂದ 70ಕ್ಕೆ ಬಂದದ್ದು: ಒಬ್ಬ ಜೆರಾಕ್ಸ್ ಅಂಗಡಿಯವನ ಅನುಭವ

ಮೊದಲೇ ಲೆಕ್ಕ ಹೇಳಿಬಿಡುತ್ತೇನೆ. ಮೈಸೂರಿನ ಕುವೆಂಪುನಗರದ ಕಡೆ ನಮ್ಮ ಬೂತು. 2018ರ ವಿಧಾನಸಭೆ ಚುನಾವಣೆಯಲ್ಲಿ ಪಟ್ಟಿಯಲ್ಲಿದ್ದವರು ಸುಮಾರು 1,280, ವೋಟು ಹಾಕಿದವರು 640. 2024ರ ಲೋಕಸಭೆಗೆ ಪಟ್ಟಿಯಲ್ಲಿ 1,090, ಹಾಕಿದವರು 765. ಹತ್ತು ಹದಿನೈದು ಆಚೀಚೆ ಆಗಬಹುದು. ಡೈರಿ ಮನೆಯಲ್ಲಿದೆ, ನಾನು ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. "ಮೈಸೂರಿನೋರು ವೋಟ್ ಹಾಕಲ್ಲ, ಬಿಡ್ರೀ" ಎಂದು ಪಾರ್ಕಿನಲ್ಲಿ ನಕ್ಕವರೇ ಈಗ ಹೇಗೆ ಮಾಡಿದ್ರಿ ಅಂತ ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಯಾವ ಪಕ್ಷದವನೂ ಅಲ್ಲ. ಆಗಲೂ ಬಾರದು. ಮೂರೂ ಪಕ್ಷದ ಹುಡುಗರು ಮತದಾರರ ಪಟ್ಟಿ ಜೆರಾಕ್ಸ್ ಮಾಡಿಸೋದು ನನ್ನ ಹತ್ತಿರವೇ. ವ್ಯಾಪಾರವೂ ನೋಡಿಕೊಳ್ಳಬೇಕು ಅಲ್ವಾ?

2018ರಲ್ಲಿ ನಮ್ಮ ಬಡಾವಣೆಯ ಸಂಘದವರು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಒಂದು ಜಾಥಾ, ತಮಟೆಯವರು, ಶಾಲೆ ಮಕ್ಕಳ ಕೈಯಲ್ಲಿ ಫಲಕ, ಆರು ಫ್ಲೆಕ್ಸ್, ಎರಡು ಸಾವಿರ ಕರಪತ್ರ. "ಮತದಾನ ನಮ್ಮ ಹಕ್ಕು, ನಮ್ಮ ಕರ್ತವ್ಯ" ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದ್ದು ನಾನೇ. ಒಟ್ಟು ಒಂಬತ್ತು ಸಾವಿರ ಖರ್ಚು. ಸಂಘದ್ದು ಐದು, ನನ್ನದು ನಾಲ್ಕು. ಅನುಮತಿ ಪಡೆಯಬೇಕು ಅನ್ನುವುದು ನನ್ನ ತಲೆಗೆ ಹೋಗಿರಲಿಲ್ಲ, ನಾಲ್ಕು ಫ್ಲೆಕ್ಸ್ ಎರಡೇ ದಿನದಲ್ಲಿ ಕೆಳಗಿಳಿದವು. ಮೇ 12, ಶನಿವಾರ ಮತದಾನ. ಸಂಜೆ ಲೆಕ್ಕ ಬಂದಾಗ ಶೇ 50. ಅದರ ಹಿಂದಿನ ಸಲವೂ ಅಷ್ಟೇ ಇತ್ತಂತೆ. ಒಂಬತ್ತು ಸಾವಿರ ಸುರಿದು ಒಂದು ವೋಟೂ ಜಾಸ್ತಿ ಮಾಡಿರಲಿಲ್ಲ.

ನಮ್ಮ ಪಾರ್ಕಿನಲ್ಲಿ ಒಬ್ಬರು ನಿವೃತ್ತ ಇತಿಹಾಸದ ಮೇಷ್ಟ್ರಿದ್ದಾರೆ. ಪ್ರತಿ ಚುನಾವಣೆಯ ಮಾರನೇ ದಿನ ಒಂದೇ ಭಾಷಣ. "1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಕಂಡ ಊರು ಕಣ್ರೀ ಇದು. ರಂಗಾಚಾರ್ಲು ಹೆಸರಲ್ಲಿ ಪುರಭವನ ಕಟ್ಟಿ ನಿಲ್ಲಿಸಿದ್ದೀವಿ. ವೋಟು ಮಾತ್ರ ಹಾಕಲ್ಲ." ಆ ಸಭೆಗೆ ಆಗ ಬರುತ್ತಿದ್ದವರು ಜಮೀನುದಾರರು, ವರ್ತಕರು, ನಮ್ಮಂಥವರನ್ನು ಯಾರೂ ಕರೆಯುತ್ತಿರಲಿಲ್ಲ. ಇದನ್ನೂ ಅವರೇ ಹೇಳಿಕೊಟ್ಟದ್ದು, ಆದರೆ ಭಾಷಣದಲ್ಲಿ ಸೇರಿಸುವುದಿಲ್ಲ. ಇನ್ನೊಂದು ಅವರಿಂದಲೇ ಗೊತ್ತಾಯಿತು. ಹದಿನೆಂಟು ತುಂಬಿದವರಿಗೆಲ್ಲ ವೋಟು ಅಂತ ಸಂವಿಧಾನದ 326ನೇ ವಿಧಿಯಲ್ಲಿದೆ. ಆದರೆ 51ಎ ವಿಧಿಯಲ್ಲಿ ಹನ್ನೊಂದು ಮೂಲಭೂತ ಕರ್ತವ್ಯ ಪಟ್ಟಿ ಮಾಡಿದ್ದಾರಲ್ಲ, ಅದರಲ್ಲಿ ವೋಟು ಹಾಕುವುದು ಇಲ್ಲವೇ ಇಲ್ಲ! ನಾನು ನಾಲ್ಕು ಸಾವಿರ ಕೊಟ್ಟು ಕರ್ತವ್ಯ ಎಂದು ಫ್ಲೆಕ್ಸ್ ಹಾಕಿಸಿದ್ದೆ.

2019ರಲ್ಲಿ ಆಟೊ ಪ್ರಯೋಗ. ಜನರಿಗೆ ಬೂತಿಗೆ ಬರೋದು ಕಷ್ಟ, ಅದಕ್ಕೇ ಬರುತ್ತಿಲ್ಲ ಎಂದು ನನ್ನ ತರ್ಕ. ಮೂರು ಆಟೊ, ದಿನಕ್ಕೆ ತಲಾ 900. ಅಭ್ಯರ್ಥಿ ಕಡೆಯವರು ಹೀಗೆ ಗಾಡಿ ಕೊಟ್ಟರೆ ಅದು ಚುನಾವಣಾ ಅಕ್ರಮ, ನಿಮಗೆಲ್ಲ ಗೊತ್ತು. ಒಬ್ಬ ಬಂದು ಆಟೊಗೆ ಸ್ಟಿಕ್ಕರ್ ಅಂಟಿಸ್ತೀನಿ, ಅರ್ಧ ಬಾಡಿಗೆ ಕೊಡ್ತೀನಿ ಅಂದ. ಬೈದು ಕಳಿಸಿದೆ. ಇಡೀ ದಿನ ಮೂರು ಆಟೊದಲ್ಲಿ ಹತ್ತಿದವರು ಹನ್ನೊಂದು ಜನ. ಅದರಲ್ಲಿ ಇಬ್ಬರು ವೋಟು ಹಾಕಿ ಹಂಗೇ ದೇವರಾಜ ಮಾರುಕಟ್ಟೆಗೆ ಬಿಡು ಅಂದರಂತೆ.

ಆ ಸಲ ಮತದಾನದ ದಿನವೂ ಕೈಕೊಟ್ಟಿತ್ತು. ಏಪ್ರಿಲ್ 18, ಗುರುವಾರ. ಹಿಂದಿನ ದಿನ ಮಹಾವೀರ ಜಯಂತಿ, ಮಾರನೇ ದಿನ ಗುಡ್ ಫ್ರೈಡೇ, ಆಮೇಲೆ ಶನಿವಾರ, ಭಾನುವಾರ. ಮಂಗಳವಾರ ರಾತ್ರಿಯೇ ನಮ್ಮ ರಸ್ತೆಯ ಅರ್ಧ ಕಾರು ಕಾಣೆ. 2023ರಲ್ಲಿ ಆಯೋಗದವರು ಬೇಕಂತಲೇ ಬುಧವಾರ ಇಟ್ಟರು, ನೆನಪಿರಬೇಕು.

ನಿಜವಾದ ಏಟು ಬಿದ್ದದ್ದು ಮಾತ್ರ ಮನೆಯಲ್ಲಿ. "ರೀ, ಊರೋರಿಗೆಲ್ಲ ವೋಟ್ ಹಾಕಿ ಅಂತೀರಲ್ಲ, ನಿಮ್ಮ ವೋಟ್ ಎಲ್ಲಿದೆ?" ಅಂದಳು ಹೆಂಡತಿ. ನನ್ನ ಹೆಸರು ಪಾಂಡವಪುರ ತಾಲ್ಲೂಕಿನ ನಮ್ಮೂರಲ್ಲೇ ಇತ್ತು. ಮೈಸೂರಿಗೆ ಬಂದು ಹದಿನೇಳು ವರ್ಷ ಆಗಿದ್ದರೂ ತೆಗೆಸಿರಲಿಲ್ಲ. ಬೆಳಿಗ್ಗೆ ಆರೂವರೆ ಬಸ್ಸಿಗೆ ಊರಿಗೆ ಹೋಗಿ, ವೋಟು ಹಾಕಿ, ಹನ್ನೆರಡಕ್ಕೆ ವಾಪಸ್ ಬಂದು ಆಟೊದವರ ಲೆಕ್ಕ ನೋಡಿದವನು ನಾನು. ಮಂಡ್ಯದಲ್ಲಿ ಆ ಸಲ ಸುಮಲತಾ ಎದುರು ನಿಖಿಲ್, ಊರಿಗೆ ಊರೇ ಕಾದ ಬಾಣಲೆ. ಕ್ಷೇತ್ರದಲ್ಲಿ ಶೇ 80 ದಾಟಿತ್ತು. ಬಸ್ಸಿಳಿದಾಗ ಜಗಲಿ ಮೇಲಿದ್ದ ದೊಡ್ಡಪ್ಪ ಕೇಳಿದ್ದು ಒಂದೇ: "ಹಾಕ್ಬುಟ್ಯೇನ್ಲಾ?" ಇನ್ನೂ ಇಲ್ಲ ಅಂದೆ. "ಮೊದ್ಲು ಹೋಗು, ಆಮೇಲೆ ಕಾಫಿ." ಮೈಸೂರಲ್ಲಿ ನನ್ನನ್ನು ಯಾರೂ ಹಾಗೆ ಕೇಳಿದ್ದಿಲ್ಲ. ಕೇಳೋಕೆ ಅಲ್ಲಿ ನನ್ನ ಹೆಸರೇ ಇರಲಿಲ್ಲ.

ಆಮೇಲೆ ಎರಡು ವರ್ಷ ಏನೂ ಮಾಡಲಿಲ್ಲ. 2021ರ ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿ ಸುಮ್ನೆ ಕೂತಿದ್ದಾಗ ನಮ್ಮ ಭಾಗದ ಪಟ್ಟಿ ಕೈಗೆ ಬಂತು. ಹೆಸರಿನ ಮೇಲೆ ಪೆನ್ಸಿಲ್ ಆಡಿಸುತ್ತಾ ಹೋದೆ. ಇವರು ತೀರಿಕೊಂಡಿದ್ದಾರೆ. ಇವರು ವಿಜಯನಗರಕ್ಕೆ ಹೋದರು. ಇವಳು ಮದುವೆಯಾಗಿ ದಾವಣಗೆರೆಯಲ್ಲಿದ್ದಾಳೆ. ಈತನಿಗೆ ಮದ್ದೂರಿನ ಹತ್ತಿರ ಊರಲ್ಲೂ ಹೆಸರಿದೆ, ಅಲ್ಲೇ ಹಾಕುತ್ತಾನೆ. ಮೂರು ಪುಟ ಮುಗಿಯುವಷ್ಟರಲ್ಲಿ ತಲೆ ಗಿರ್ ಅಂತು. ವೋಟು ಹಾಕಲ್ಲ ಎಂದು ನಾವು ಬೈಯುತ್ತಿದ್ದ ಅರ್ಧ ಜನರಲ್ಲಿ ಎಷ್ಟೋ ಮಂದಿ ಇಲ್ಲಿ ಇರಲೇ ಇಲ್ಲ.

ಪಟ್ಟಿಯ ಪಿಡಿಎಫ್ ನಿಮಗೆ ಗೊತ್ತಲ್ಲ, ಬರೀ ಚಿತ್ರ. ಹುಡುಕೋಕೂ ಆಗಲ್ಲ, ಕಾಪಿ ಮಾಡೋಕೂ ಆಗಲ್ಲ. ಡಿಗ್ರಿ ಓದುವ ಹುಡುಗನೊಬ್ಬನಿಗೆ 3,000 ಕೊಟ್ಟು ಎಲ್ಲವನ್ನೂ ಎಕ್ಸೆಲ್‌ಗೆ ಟೈಪ್ ಮಾಡಿಸಿದೆ. ಹನ್ನೆರಡು ದಿನ ಹಿಡಿಯಿತು. ಮೊದಲ ಸಲ ಅವನು ಮನೆ ನಂಬರು ಇದ್ದ ಹಾಗೇ ಟೈಪ್ ಮಾಡಿದ್ದ. ನಮ್ಮಲ್ಲಿ ಹಳೇ ನಂಬರು, ಹೊಸ ನಂಬರು, ಸೈಟ್ ನಂಬರು ಮೂರೂ ಕಲಸುಮೇಲೋಗರ. ಜೋಡಿಸಿದಾಗ ಒಂದೇ ಮನೆಯ ಗಂಡ ಪುಟ 4ರಲ್ಲಿ, ಹೆಂಡತಿ ಪುಟ 31ರಲ್ಲಿ. ಕೊನೆಗೆ ನಂಬರು ಬಿಟ್ಟು ಕ್ರಾಸ್ ಪ್ರಕಾರ, ನಡೆಯುವ ದಾರಿಯ ಪ್ರಕಾರ ಜೋಡಿಸಿದೆ. ಎಡಗಡೆ ಮನೆ ಹೋಗುವಾಗ, ಬಲಗಡೆ ಮನೆ ಬರುವಾಗ. ಪೋಸ್ಟ್‌ಮ್ಯಾನ್ ಒಬ್ಬರು ಕೊಟ್ಟ ಉಪಾಯ ಇದು, ಪುಣ್ಯಾತ್ಮ.

ನಂತರ ಪಟ್ಟಿ ಸರಿಮಾಡಿಸೋಕೆ ಮನೆ ಮನೆಗೆ ಹೋಗಬೇಕು ಅಂತ ಹೊರಟೆ. ಅದೂ ಸೋತಿತು. ಮಧ್ಯಾಹ್ನ ಹೋದರೆ ಬೀಗ, ಸಂಜೆ ಹೋದರೆ ಟಿವಿ ಮುಂದೆ ಕೂತವರ ಸಿಡುಕು. ಆಧಾರ್ ಕೇಳಿದರೆ ಸೈಬರ್ ಕಳ್ಳನ ಥರ ನೋಡುತ್ತಾರೆ. ಎರಡು ತಿಂಗಳು ನಡೆದು ಬಂದ ಫಾರಂ ಹದಿನಾಲ್ಕು. ಸಂಘದ ಅಧ್ಯಕ್ಷರು "ಇದೆಲ್ಲ ಸರ್ಕಾರದ ಕೆಲಸ, ನಿಮಗ್ಯಾಕೆ" ಅಂದರು. ನಮ್ಮ ಭಾಗದ ಬಿಎಲ್‌ಒ, ಅಂದರೆ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವವರು, ಮಾತ್ರ ಬಿಡಲಿಲ್ಲ. ಅಂಗನವಾಡಿ ಕೆಲಸ ಮುಗಿಸಿಕೊಂಡು ಬಿಸಿಲಲ್ಲಿ ಬರುತ್ತಿದ್ದ ಹೆಣ್ಣುಮಗಳು. "ಅಣ್ಣಾ, ನೀವ್ಯಾಕೆ ಅವರ ಮನೆಗೆ ಹೋಗ್ತೀರ? ಅವರೇ ಹೆಂಗಿದ್ರೂ ನಿಮ್ಮ ಅಂಗಡಿಗೆ ಬರ್ತಾರಲ್ಲ" ಅಂದಳು.

ಆ ಮಾತಿನಲ್ಲೇ ಇಡೀ ವಿಧಾನ ಇತ್ತು.

ಬಾಡಿಗೆ ಮನೆ ಬದಲಾಯಿಸುವವನು ಕರಾರು ಪತ್ರ ಪ್ರಿಂಟ್ ಹಾಕಿಸೋಕೆ ನನ್ನ ಹತ್ತಿರ ಬರಲೇಬೇಕು. ಆಗ ಅವನ ಕೈಯಲ್ಲಿ ಆಧಾರ್ ಇರುತ್ತೆ, ಫೋಟೊ ಇರುತ್ತೆ, ಹೊಸ ವಿಳಾಸ ಇರುತ್ತೆ, ಒಟಿಪಿ ಬರುವ ಫೋನೂ ಇರುತ್ತೆ. "ವೋಟು ಹಳೇ ಮನೆಯಲ್ಲೇ ಇದೆಯಾ? ಎರಡೇ ನಿಮಿಷ" ಅಂದರೆ ಹತ್ತರಲ್ಲಿ ಆರು ಜನ ಕೂರುತ್ತಾರೆ. ಚುನಾವಣೆ ಹತ್ತಿರ ಬಂದಾಗ ಅಲ್ಲ, ಮನೆ ಬದಲಾಯಿಸಿದ ದಿನವೇ ಹಿಡಿಯಬೇಕು. ಘೋಷಣೆ ಆದ ಮೇಲೆ ಎದ್ದು ಓಡುವವರನ್ನು ನೋಡಿದರೆ ನನಗೆ ನಗು ಬರುತ್ತೆ. ನಾಮಪತ್ರದ ಕೊನೇ ದಿನಕ್ಕೆ ಹತ್ತು ದಿನ ಮುಂಚೆಯೇ ಬಾಗಿಲು ಹಾಕಿರುತ್ತಾರೆ.

ಇಲ್ಲೂ ಎಡವಿದೆ. ವಿಳಾಸ ಬದಲಾಯಿಸುವ ಫಾರಂ 8, ಮೊದಲ ಏಳೆಂಟಕ್ಕೆ ಆ ಕರಾರು ಪತ್ರವನ್ನೇ ವಿಳಾಸದ ದಾಖಲೆ ಅಂತ ಅಪ್‌ಲೋಡ್ ಮಾಡಿದೆ. ಎಲ್ಲ ತಿರಸ್ಕಾರ. ಹನ್ನೊಂದು ತಿಂಗಳ ಛಾಪಾ ಕಾಗದದ ಕರಾರು ನಡೆಯಲ್ಲ, ನೋಂದಣಿ ಆದದ್ದೇ ಬೇಕು. ನೋಂದಣಿ ಮಾಡಿಸುವ ಬಾಡಿಗೆದಾರ ನಮ್ಮ ಕಡೆ ಯಾರಿದ್ದಾನೆ? ಆಮೇಲೆ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ವಿಳಾಸ ಬದಲಾಯಿಸಿಕೊಂಡು ಬನ್ನಿ, ಇಲ್ಲ ಆಧಾರ್ ಸರಿಮಾಡಿಸಿ ಬನ್ನಿ ಎಂದು ಕಳಿಸತೊಡಗಿದೆ. ಹೋದವರಲ್ಲಿ ಅರ್ಧ ಜನ ವಾಪಸ್ ಬರಲಿಲ್ಲ. ಅವರನ್ನು ವಾಪಸ್ ಬರಿಸುವುದಕ್ಕೆ ಒಂದು ಉಪಾಯ ಕಂಡುಕೊಂಡಿದ್ದೇನೆ, ಅದು ನನ್ನ ವ್ಯಾಪಾರದ ಗುಟ್ಟು. ಇಲ್ಲಿ ಬರೆದರೆ ಎದುರುಗಡೆ ಅಂಗಡಿಯವನೂ ಶುರು ಮಾಡುತ್ತಾನೆ.

ಹೊಸ ಹುಡುಗರದ್ದು ಇನ್ನೂ ಸುಲಭ. ಸಿಇಟಿ ಕಾಲದಲ್ಲಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಜೆರಾಕ್ಸಿಗೆ ಬರುತ್ತಾರೆ. ಹುಟ್ಟಿದ ತಾರೀಕು ಅದರಲ್ಲೇ ಇದೆ. ಮೊದಲು ಜನವರಿ 1ಕ್ಕೆ ಹದಿನೆಂಟು ತುಂಬಿರಬೇಕಿತ್ತು, 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ನಾಲ್ಕೂ ತಿಂಗಳ ಒಂದನೇ ತಾರೀಕು ಲೆಕ್ಕಕ್ಕೆ ಬಂತು. ಹದಿನೇಳು ತುಂಬಿದರೆ ಮುಂಚೆಯೇ ಅರ್ಜಿ ಹಾಕಬಹುದು. ಅಂಕಪಟ್ಟಿ ಗಾಜಿನ ಮೇಲೆ ಇಟ್ಟಾಗಲೇ ಕಣ್ಣು ತಾರೀಕಿನ ಮೇಲೆ ಹೋಗುತ್ತೆ ನನಗೆ, ಈಗ ಚಟ. ಒಂದೇ ಬೇಸಿಗೆಯಲ್ಲಿ 23 ಫಾರಂ 6, ಅಂದರೆ ಹೊಸದಾಗಿ ಹೆಸರು ಸೇರಿಸುವ ಅರ್ಜಿ. ಫಾರಮ್ಮಿಗೆ ದುಡ್ಡಿಲ್ಲ, ಫೋಟೊಗೆ ಮಾತ್ರ ಇಪ್ಪತ್ತು ರೂಪಾಯಿ. ಅಷ್ಟೂ ಬೇಡವಾ?

ಎರಡು ಕಡೆ ಹೆಸರಿರುವ ಮಂಡ್ಯದ ನಮ್ಮವರೇ ಕಷ್ಟ ಕೊಟ್ಟದ್ದು. ಎರಡು ಕಡೆ ಇರಬಾರದು, ಸುಳ್ಳು ಹೇಳಿ ಸೇರಿಸಿದರೆ ಶಿಕ್ಷೆ ಇದೆ ಅಂದರೆ ಹೆದರುವುದಿಲ್ಲ. ಊರಿನ ಪಟ್ಟಿಯಿಂದ ಹೆಸರು ತೆಗೆಸುವುದು ಅಂದರೆ ಅವರಿಗೆ ಜಮೀನು ಮಾರಿದ ಹಾಗೆ. "ಪಂಚಾಯ್ತಿ ಎಲೆಕ್ಷನ್‌ನಾಗೆ ನಮ್ಮ ಅಣ್ಣನ ಮಗ ನಿಂತ್ಕತಾನೆ ಕಣಣ್ಣಾ" ಅನ್ನುತ್ತಾರೆ. ನಾನು ವಾದ ಮಾಡುವುದು ಬಿಟ್ಟೆ. "ಹಂಗಾದ್ರೆ ಊರಲ್ಲೇ ಇಟ್ಕೊ, ಇಲ್ಲಿದು ತೆಗೆಸು" ಅಂದೆ. ತೆಗೆಸಿದರು. ನನ್ನ ಹೆಸರು ಮಾತ್ರ 2021ರಲ್ಲೇ ಊರಿನಿಂದ ಮೈಸೂರಿಗೆ ತಂದೆ. ದೊಡ್ಡಪ್ಪ ಆರು ತಿಂಗಳು ಮಾತು ಬಿಟ್ಟಿದ್ದರು.

ಒಟ್ಟು ಮೂರು ವರ್ಷದಲ್ಲಿ ಹೋದ ಹೆಸರು 320ರಷ್ಟು: ತೀರಿಕೊಂಡವರು 70, ಮನೆ ಬಿಟ್ಟವರು 190, ಎರಡು ಕಡೆ ಇದ್ದವರು 60. ಸೇರಿದ್ದು 120ರಷ್ಟು. ಮೇಷ್ಟ್ರು ಪಾರ್ಕಿನಲ್ಲಿ ಎಲ್ಲರ ಮುಂದೆ ಕೊಕ್ಕೆ ಹಾಕಿದರು. "ಹೆಸರು ತೆಗೆದು ಶೇಕಡಾ ಏರಿಸಿದೆ, ಅಷ್ಟೇ ತಾನೆ?" ನ್ಯಾಯವಾದ ಪ್ರಶ್ನೆ. ಹಳೇ 1,280ಕ್ಕೇ 765 ಭಾಗಿಸಿ ನೋಡಿ, ಶೇ 60 ಬರುತ್ತೆ. ಅಂದರೆ ಏರಿದ ಇಪ್ಪತ್ತರಲ್ಲಿ ಹತ್ತು ಜನರಿಂದ, ಹತ್ತು ಪಟ್ಟಿಯಿಂದ. ನೂರಿಪ್ಪತ್ತೈದು ಜನ ನಿಜವಾಗಿ ಜಾಸ್ತಿ ಬಂದರು. ಜಾಥಾದಿಂದ ಒಬ್ಬರನ್ನಾದರೂ ತಂದಿದ್ದರೆ ತೋರಿಸಿ ಅಂದೆ.

ತಪ್ಪು ಒಂದಾಯಿತು. ಅದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ನಮ್ಮ ಹಿಂದಿನ ಕ್ರಾಸಿನ ಒಂದು ಮನೆಗೆ ಎಂಟು ತಿಂಗಳಿಂದ ಬೀಗ. ಒಬ್ಬ ವಯಸ್ಸಾದ ಅಮ್ಮ ಇದ್ದರು, ಮಗನ ಜೊತೆ ಬೆಂಗಳೂರಿಗೆ ಹೋದರು, ಇನ್ನು ಬರಲ್ಲ ಎಂದು ಪಕ್ಕದವರು ಹೇಳಿದರು. ನಾನು ಹೆಸರು ತೆಗೆಸುವ ಫಾರಂ 7 ಹಾಕಿದೆ. ನೋಟಿಸು ಬೀಗದ ಬಾಗಿಲಿಗೇ ಹೋಗಿರಬೇಕು. ಹೆಸರು ಹೋಯಿತು. 2023ರ ಮೇ 10ರಂದು ಬೆಳಿಗ್ಗೆ ಆ ಅಮ್ಮ ಬೆಂಗಳೂರಿನಿಂದ ರೈಲಿನಲ್ಲಿ ಬಂದು ಬೂತಿನ ಮುಂದೆ ನಿಂತಿದ್ದಾರೆ, ವೋಟರ್ ಐಡಿ ಕೈಯಲ್ಲಿ ಹಿಡಿದು. ಕಾರ್ಡ್ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು. ನಾನೇ ಓಡಿಹೋಗಿ ಮೂರು ಸಲ ಪಟ್ಟಿ ತಿರುವಿ ಹಾಕಿದೆ, ಗೊತ್ತಿದ್ದೂ. "1967ರಿಂದ ಒಂದು ಸಲವೂ ತಪ್ಪಿಸಿಲ್ಲಪ್ಪ" ಅಂದರು. ನಾನು ತೆಗೆಸಿದ್ದು ಅಂತ ಹೇಳೋಕೆ ಬಾಯಿ ಬರಲಿಲ್ಲ. ಸಂಜೆ ಮನೆಗೆ ಹೋಗಿ ಹೇಳಿದೆ. ಕಾಫಿ ಕೊಟ್ಟರು, ಮಾತಾಡಲಿಲ್ಲ. ಅವತ್ತಿನಿಂದ ನನ್ನ ನಿಯಮ: ಆ ಮನುಷ್ಯನ ಜೊತೆ, ಇಲ್ಲ ರಕ್ತಸಂಬಂಧಿಯ ಜೊತೆ ಫೋನಿನಲ್ಲಾದರೂ ಮಾತಾಡದೆ ಫಾರಂ 7 ಮುಟ್ಟುವುದಿಲ್ಲ. ಪಕ್ಕದ ಮನೆಯವರ ಮಾತು ಸಾಕ್ಷಿಯಲ್ಲ.

ಆ ಸಲ ನಮ್ಮ ಲೆಕ್ಕ 1,140ಕ್ಕೆ 725.

ನಡುವೆ ಮಾಡಿದ ಅಡ್ಡ ಪ್ರಯೋಗಗಳು. 2023ರಲ್ಲಿ ಪಕ್ಕದ ಹೋಟೆಲ್‌ನವರ ಜೊತೆ ಮಾತಾಡಿ, ಬೆಳಿಗ್ಗೆ ಒಂಬತ್ತರೊಳಗೆ ಶಾಯಿ ಬೆರಳು ತೋರಿಸಿದವರಿಗೆ ಉಚಿತ ಕಾಫಿ ಕೊಡಿಸಿದೆ. ಯಾವ ಪಕ್ಷ ಎಂದು ಕೇಳುವಂತಿಲ್ಲ, ಬೆರಳು ಸಾಕು. 260 ಕಾಫಿ, ನನ್ನ ಪಾಲು 1,300. ಕುಡಿದವರು ಯಾರು? ಹೇಗಿದ್ದರೂ ಏಳಕ್ಕೆ ಬಂದು ವೋಟು ಹಾಕುವ ವಾಕಿಂಗ್ ಗುಂಪು. ಒಬ್ಬ ಹೊಸಬನೂ ಇಲ್ಲ. ಜೊತೆಗೆ ಎಂಟು ಗಂಟೆಗೆ ಕ್ಯೂ ಉದ್ದವಾಗಿ, ಸ್ಕೂಟರ್‌ನಲ್ಲಿ ಬಂದು ನೋಡಿ ವಾಪಸ್ ಹೋದವರಿದ್ದರು. ಸೆಲ್ಫಿ ಬೋರ್ಡಿಗೆ 1,800. ಮಕ್ಕಳು ಮುಖ ತೂರಿಸಿ ಆಡಿಕೊಂಡರು. ಬೆರಳಿಗೆ ಹಾಕುವ ಶಾಯಿ ನಮ್ಮ ಮೈಸೂರಿನದೇ, ನಾಲ್ವಡಿಯವರು 1937ರಲ್ಲಿ ಶುರು ಮಾಡಿದ ಬಣ್ಣದ ಕಾರ್ಖಾನೆಯದು, 1962ರಿಂದ ದೇಶಕ್ಕೆಲ್ಲ ಇಲ್ಲಿಂದಲೇ ಹೋಗುತ್ತೆ ಎಂದು ಬೋರ್ಡಿನಲ್ಲಿ ಬರೆಸಿದ್ದೆ. ಒಂದಿಬ್ಬರು ಓದಿದರು, ಹೌದಾ ಅಂದರು, ಹೋದರು.

ಕೆಲಸ ಮಾಡಿದ್ದು ಕ್ಯೂ ಸಂದೇಶ. ದುಡ್ಡೂ ಖರ್ಚಿಲ್ಲ. 2024ರ ಏಪ್ರಿಲ್ 26, ಬಿಸಿಲು ನೆನಪಿದೆಯಲ್ಲ? ಹನ್ನೊಂದರ ಮೇಲೆ ಹೊರಗೆ ಕಾಲಿಡೋಕೆ ಆಗುತ್ತಿರಲಿಲ್ಲ. ವೋಟು ಹಾಕಿ ಎಂದು ಯಾರಿಗೂ ಕಳಿಸಲಿಲ್ಲ. ಪ್ರತಿ ಮನೆಗೂ ಅವರ ಭಾಗ ಸಂಖ್ಯೆ, ಕ್ರಮಸಂಖ್ಯೆ, ಶಾಲೆಯ ಯಾವ ಕೊಠಡಿ ಎಂದು ಹಿಂದಿನ ರಾತ್ರಿ ವಾಟ್ಸಾಪ್. ಬೆಳಿಗ್ಗೆಯಿಂದ ಅರ್ಧ ಗಂಟೆಗೊಮ್ಮೆ ಇಷ್ಟೇ: "3ನೇ ಕೊಠಡಿ, ಕ್ಯೂನಲ್ಲಿ ಆರು ಜನ, ನೆರಳಿದೆ." ಅದನ್ನು ನೋಡಿದವರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ನಮ್ಮ ಜನಕ್ಕೆ ಪ್ರಜಾಪ್ರಭುತ್ವದ ಮೇಲೆ ಸಿಟ್ಟೇನಿಲ್ಲ, ಬಿಸಿಲಲ್ಲಿ ನಿಲ್ಲೋದು ಬೇಡ ಅಷ್ಟೇ. ಎರಡೂವರೆಗೆ ಇನ್ನೂ ಹಾಕದವರ ಪಟ್ಟಿ ಹಿಡಿದು ನಾವು ಮೂವರು ಫೋನಿಗೆ ಕೂತೆವು. ಯಾರು ಹಾಕಿಲ್ಲ ಅನ್ನೋದು ಪಕ್ಷದ ಏಜೆಂಟ್ ಅಲ್ಲದವನಿಗೆ ಹೇಗೆ ಗೊತ್ತಾಗುತ್ತೆ? ಗೊತ್ತಾಗುತ್ತೆ. ಕಾನೂನು ಮೀರಿದ್ದೇನಲ್ಲ, ಆದರೆ ಅದನ್ನೂ ಇಲ್ಲಿ ಬರೆಯಲ್ಲ. ಫೋನಿನಲ್ಲಿ ನಾನು ಕೇಳಿದ್ದು ದೊಡ್ಡಪ್ಪ ಕೇಳಿದ್ದನ್ನೇ, ಸ್ವಲ್ಪ ಮೈಸೂರು ಮಾಡಿ: "ಹಾಕಿ ಆಯ್ತಾ ಸಾರ್?" ನಾಲ್ಕೂವರೆ ಮೇಲೆ ಎಂಬತ್ತು ಜನ ಬಂದರು. ಕೊನೆಯವರು ಆರಕ್ಕೆ ಎರಡು ನಿಮಿಷ ಇದ್ದಾಗ ಗೇಟು ದಾಟಿದರು. ಒಳಗೆ ಬಂದವರಿಗೆಲ್ಲ ಚೀಟಿ ಕೊಟ್ಟು ಹಾಕಿಸಿದರು.

ಮನೆಯಿಂದಲೇ ವೋಟು ಹಾಕುವ 12ಡಿ ಫಾರಂ ಬಗ್ಗೆ ಒಂದು ಮಾತು. 2023ರಲ್ಲಿ 80 ದಾಟಿದವರಿಗೆ ಇತ್ತು, 2024ರಲ್ಲಿ 85 ಆಯಿತು. ಒಬ್ಬ ತಾತನಿಗೆ ಉತ್ಸಾಹದಿಂದ ಕೊಡಿಸಿದೆ. ತಂಡ ಎರಡು ಸಲ ಬಂದಾಗಲೂ ಅವರು ಕಣ್ಣಿನ ಆಪರೇಷನ್ ಎಂದು ಆಸ್ಪತ್ರೆಯಲ್ಲಿ. ಆಮೇಲೆ ಬೂತಿಗೂ ಬರುವಂತಿಲ್ಲ. ನಡೆಯಬಲ್ಲವರಿಗೆ ಕೊಡಿಸಬೇಡಿ, ವ್ಹೀಲ್‌ಚೇರ್‌ನಲ್ಲಿ ಕರೆತನ್ನಿ.

ದುಡ್ಡಿನ ಲೆಕ್ಕ: ಮೊದಲ ಎರಡು ಚುನಾವಣೆಗೆ ಹನ್ನೊಂದು ಸಾವಿರದ ಏಳುನೂರು, ಲಾಭ ಸೊನ್ನೆ. 2021ರಿಂದ 24ರವರೆಗೆ ಟೈಪಿಂಗ್, ಕಾಗದ, ಟೋನರ್, ಕಾಫಿ, ಬೋರ್ಡ್ ಎಲ್ಲ ಸೇರಿ ಹತ್ತು ಸಾವಿರದ ಒಳಗೆ. ಕಾಫಿ, ಬೋರ್ಡ್ ಬಿಟ್ಟಿದ್ದರೆ ಏಳರಲ್ಲಿ ಮುಗಿಯುತ್ತಿತ್ತು. ಫೋಟೊಗೆ ಬಂದ ಇಪ್ಪತ್ತು ರೂಪಾಯಿಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ, ಹೆಂಡತಿ ಹಿಡಿದಿದ್ದಾಳೆ.

ಆ ಅಮ್ಮನ ಹೆಸರನ್ನು 2023ರ ಜೂನಿನಲ್ಲೇ ಫಾರಂ 6 ಹಾಕಿ ಮತ್ತೆ ಸೇರಿಸಿದ್ದೆವು. 2024ರಲ್ಲಿ ಏಳಕ್ಕೆ ಐದು ನಿಮಿಷ ಇದ್ದಾಗ ಕ್ಯೂನಲ್ಲಿ ಮೊದಲಿಗರಾಗಿ ನಿಂತಿದ್ದರು. ವೋಟು ಹಾಕಿದವರು ನೇರ ನನ್ನ ಹತ್ತಿರ ಬಂದು ಬೆರಳನ್ನು ಮೂಗಿನ ಮುಂದೆ ಹಿಡಿದರು. "ಈ ಸಲ ಯಾರನ್ನ ಹೊಡೆದು ಹಾಕಿದ್ಯಪ್ಪಾ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾರನೇ ವಾರ ಮತ್ತೆ ಬಂದರು, ಜೊತೆಗೆ ಮೊಮ್ಮಗಳು, ಅವಳ ಕೈಯಲ್ಲಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ.

"ಇವಳಿಗೆ ಸೆಪ್ಟೆಂಬರ್‌ಗೆ ಹದಿನೆಂಟು. ಅದೇನೋ ತುಂಬಿಸ್ತೀಯಲ್ಲ, ತುಂಬಿಸು. ಫೋಟೊ ದುಡ್ಡು ನಾನು ಕೊಡಲ್ಲ."